ಹರಡೋದಿಲ್ಲ ಅಂದಿದ್ದೆ

ಆ ಗುರುವಾರ ನಾರಾಯಣಖೇಡದಲ್ಲಿ ಕೊನೆಯ ರೋಗಿಯನ್ನು ಕಳಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದೆ. ನನ್ನ ಮನೆ, ಕ್ಲಿನಿಕ್ ಎರಡೂ ತಾಂಡೂರಿನಲ್ಲಿ. ಮಂಗಳವಾರ ಜಹೀರಾಬಾದಿನ ಒಂದು ಖಾಸಗಿ ಆಸ್ಪತ್ರೆ, ಗುರುವಾರ ನಾರಾಯಣಖೇಡದಲ್ಲಿ ಒಂದು ಮೆಡಿಕಲ್ ಅಂಗಡಿಯ ಹಿಂದಿನ ಕೋಣೆ. ಚರ್ಮದ ಡಾಕ್ಟರಿಗೆ ಇಷ್ಟು ದೂರದವರೆಗೂ ಗಿರಾಕಿ ಇದ್ದೇ ಇದೆ. ಬಾಗಿಲಿಗೆ ಒಬ್ಬ ಗಂಡಸು ಬಂದು ನಿಂತ. ಅವನ ಹಿಂದೆ ತಾಯಿ, ಎರಡೂ ಕೈ ಸೆರಗಿನೊಳಗೆ. ಆಕೆಗಿಂತ ನಾಲ್ಕು ಹೆಜ್ಜೆ ದೂರದಲ್ಲಿ ಅವನ ಹೆಂಡತಿ, ಎದೆಗವಚಿಕೊಂಡ ಕೂಸು. ಆ ನಾಲ್ಕು ಹೆಜ್ಜೆ ನನ್ನ ಕಣ್ಣಿಗೆ ಬಿತ್ತು ನೋಡಿ, ಆಗಲೇ ನನಗೆ ಸಿಟ್ಟು ಸುರುವಾಯಿತು.

ಅವರದು ನಾಗಲಗಿದ್ದದ ಕಡೆಯ ಹಳ್ಳಿ. ನಮ್ಮ ಹಾಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಮಾತಾಡುವ ಲಿಂಗವಂತರು. ಅಜ್ಜಿಗೆ ಅಲ್ಲಿ ಆಯಿ ಅನ್ನುತ್ತಾರೆ. ನಾನೂ ಹಾಗೇ ಕರೆದೆ.

“ಆಯಿ, ಕೈ ತೋರಸ್ರಿ.”

ಆಕೆ ಮಗನ ಮುಖ ನೋಡಿ, ಆಮೇಲೆ ಕೈ ಹೊರಗೆ ತೆಗೆದಳು. ಅಂಗೈ, ಬೆರಳಸಂದಿ, ಮಣಿಕಟ್ಟು, ಎಲ್ಲ ಕಡೆ ಹಳದಿ ಬೂದಿ ಬಣ್ಣದ ದಪ್ಪ ಹೆಕ್ಕಳೆ. ಹಂಚಿಗೆ ಹತ್ತಿ ಒಣಗಿದ ರೊಟ್ಟಿಹಿಟ್ಟಿನ ಹಾಗೆ. ಉಗುರು ದಪ್ಪಗಾಗಿ ಎದ್ದಿದ್ದವು. ಮೊಣಕೈ ಮೇಲೂ ಅದೇ, ನೆತ್ತಿಯಲ್ಲೂ ಅದೇ.

“ಏಳೆಂಟು ತಿಂಗಳಾತ್ರಿ ಮೇಡಂ,” ಅಂದ ಮಗ. “ಊರಾಗ ಮಂದಿ ದೊಡ್ಡ ರೋಗ ಅನ್ನಾಕ ಹತ್ಯಾರ.”

ದೊಡ್ಡ ರೋಗ ಅಂದರೆ ಕುಷ್ಠ. ನಾನು ಹತ್ತಿಯಿಂದ, ಸೂಜಿಯಿಂದ ಸ್ಪರ್ಶ ನೋಡಿದೆ, ಮೊಣಕೈ ಹಿಂದಿನ ನರ ಮುಟ್ಟಿ ನೋಡಿದೆ. ಕುಷ್ಠ ಅಲ್ಲವೇ ಅಲ್ಲ. “ಕಡತ, ತುರಿಕಿ ಅದ ಏನ್ರಿ?” ಅಂತ ಕೇಳಿದೆ. “ಸಣ್ಣಗ ಅದ್ರಿ ಡಾಕ್ಟರ್ ಬಾಯಿ, ತಡಕೋಬಹುದು,” ಅಂದಳು ಆಯಿ. ಆ ಉತ್ತರವೇ ನನ್ನನ್ನು ಹಳ್ಳಕ್ಕೆ ಹಾಕಿತು. ಕಡಿತ ಹೆಚ್ಚಿಲ್ಲ, ಹೆಕ್ಕಳೆ ದಪ್ಪ, ಮೊಣಕೈ, ನೆತ್ತಿ. ಸೋರಿಯಾಸಿಸ್ ಅಂತ ಬರೆದೆ. ಹೆಕ್ಕಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಐದು ನಿಮಿಷ ಸಾಕು. ಆದರೆ ನಾರಾಯಣಖೇಡದ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ, ನನಗೆ ಬೇಕು ಅಂತಲೂ ಅನಿಸಲಿಲ್ಲ. ಆಯಿ ಬಟ್ಟೆಯ ಗಂಟು ಬಿಚ್ಚಿ ತೋರಿಸಿದ ಮೊಣಕಾಲು ನೋವಿನ ಗುಳಿಗೆಯ ಪಟ್ಟಿಯನ್ನೂ ನೋಡಿದೆ. ಸ್ಟೆರಾಯ್ಡ್. ಪದವಿ ಇಲ್ಲದೆ ಔಷಧ ಕೊಡುವ ಹಳ್ಳಿಯ ಆರೆಂಪಿ ಡಾಕ್ಟರ ಎರಡು ವರ್ಷದಿಂದ ಕೊಡುತ್ತಿದ್ದನಂತೆ. “ಇದನ್ನ ಸಾವಕಾಶ ಬಿಡಬೇಕ್ರಿ,” ಅಂದು ಮುಂದಕ್ಕೆ ಹೋದೆ. ರೋಗ ತಡೆಯುವ ದೇಹದ ಕಾವಲನ್ನೂ ಕಡಿತವನ್ನೂ ಒಟ್ಟಿಗೆ ಅಡಗಿಸುವ ಗುಳಿಗೆ ಅದು. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅವತ್ತು ನೆನಪಾಗಲಿಲ್ಲ.

ಯಾಕೆ ನೆನಪಾಗಲಿಲ್ಲ ಅಂದರೆ, ನಾನು ಬೇರೊಂದು ಕೆಲಸದಲ್ಲಿದ್ದೆ. ಮನೆಯವರಿಗೆ ಬಯ್ಯುವ ಕೆಲಸದಲ್ಲಿ.

ಆಯಿಯನ್ನು ತೊಗರಿ ಚೀಲ ಇಡುವ ಕೋಣೆಗೆ ಹಾಕಿದ್ದರು. ತಾಟು ಬೇರೆ, ಚರಿಗೆ ಬೇರೆ. ಸೊಸೆ ಧಾರೂರಿನ ಕಡೆಯ ಹುಡುಗಿ, ತಾಯಿ ಇಲ್ಲದವಳು, ಅದಕ್ಕೇ ಬಾಣಂತನ ಅತ್ತೆಯ ಮನೆಯಲ್ಲೇ ಆಗಿತ್ತು. ಕೂಸು ಹುಟ್ಟಿ ಇಪ್ಪತ್ತು ದಿನ. ಆ ಓಣಿಯ ಕೂಸುಗಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವಳು ಆಯಿ. ಈ ರೋಗ ಬಂದ ಮೇಲೆ ಯಾರೂ ಕರೆಯುತ್ತಿರಲಿಲ್ಲ, ತನ್ನ ಮೊಮ್ಮಗಳನ್ನೇ ಇನ್ನೂ ಮುಟ್ಟಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಇದು ಹರಡೋದಿಲ್ಲ, ತಿಳೀತೇನು? ಮುಟ್ಟಿದ್ರ ಬರೋದಿಲ್ಲ, ಕೂಡ ಉಂಡ್ರ ಬರೋದಿಲ್ಲ. ಹಡೆದ ತಾಯೀನ ಚೀಲದ ಸಂಗಟ ಇಡ್ತೀರಲ್ಲ, ನಾಚಿಕಿ ಆಗಬೇಕು!”

ಸೊಸೆ ಏನೋ ಹೇಳಲು ಹೋದಳು. ನಾನು ಬಿಡಲಿಲ್ಲ. ಅವಳ ಕೈಯಿಂದ ಕೂಸನ್ನು ತೆಗೆದುಕೊಂಡು ಆಯಿಯ ಮಡಿಲಿಗೆ ನಾನೇ ಹಾಕಿದೆ. ಆಯಿ ಗಳಗಳ ಅತ್ತಳು. ಮಗ ತಲೆ ತಗ್ಗಿಸಿ, “ಮೇಡಂ, ಚೀಟಿ ಮ್ಯಾಲ ಅದೊಂದು ಮಾತು ಕನ್ನಡದಾಗ ಬರದ ಕೊಡ್ರಿ, ಓಣ್ಯಾಗ ತೋರಸಾಕ ಬೇಕು,” ಅಂದ. ‘ಈ ರೋಗ ಹರಡುವುದಿಲ್ಲ’ ಎಂದು ಬರೆದು, ಅಡಿಗೆರೆ ಎಳೆದು, ಸಹಿ ಮಾಡಿ ಕೊಟ್ಟೆ. ಅವತ್ತು ಜಹೀರಾಬಾದಿನಲ್ಲಿ ಇಳಿದು ಕುಡಿದ ಚಹಾ ಬಹಳ ರುಚಿಯಾಗಿತ್ತು.

ಮುಲಾಮಿಗೆ ಆಯಿಯ ಕೈಯ ಹೆಕ್ಕಳೆ ಬಗ್ಗಲಿಲ್ಲ. ಮುಂದಿನ ತಿಂಗಳು ವಾರಕ್ಕೊಮ್ಮೆ ನುಂಗುವ ಇನ್ನೂ ಜೋರಾದ ಗುಳಿಗೆ ಸುರು ಮಾಡಿದೆ. ಅದೂ ಕಾವಲು ತಗ್ಗಿಸುವುದೇ. ಅದೇ ದಿನ ಸೊಸೆ ಹಿಂಜರಿಯುತ್ತ ತನ್ನ ಹೊಟ್ಟೆ, ಬೆರಳಸಂದಿ ತೋರಿಸಿದಳು. ಸಣ್ಣ ಗುಳ್ಳೆ, ಕೆರೆದ ಗೀರು.

ತೊಗರಿ ರಾಶಿಯ ಕಾಲ. ಈ ಸೀಮೆಯಲ್ಲಿ ಆ ದಿನಗಳಲ್ಲಿ ಯಾರು ಮೈ ಕೆರೆದುಕೊಂಡರೂ ಕಾರಣ ಒಂದೇ, ತೊಗರಿ ಹೊಟ್ಟಿನ ದೂಳು. ಅದನ್ನು ಹೇಳಲು ಡಾಕ್ಟರೇ ಬೇಕಿಲ್ಲ, ಬಸ್ಸಿನ ಕಂಡಕ್ಟರೂ ಹೇಳುತ್ತಾನೆ. ನಾನೂ ಅದನ್ನೇ ಹೇಳಿದೆ.

“ಮೇಡಂ, ನಾ ಕಣಕ್ಕ ಹೋಗೇ ಇಲ್ರಿ. ಬಾಣಂತಿ ಅದೀನಿ,” ಅಂದಳು ಅವಳು.

“ಗಾಳಿಗೆ ಮನೀಗೇ ಬರ್ತದವ್ವ ದೂಳು,” ಅಂದೆ. ಕಡಿತದ ಗುಳಿಗೆ ಬರೆದೆ. ಅವಳು ಹೇಳಿದ್ದು ಎಷ್ಟು ದೊಡ್ಡ ಸುಳಿವು! ಕೈಗೆ ತಂದು ಇಟ್ಟಿದ್ದಳು. ನಾನು ಮುಂದಿನ ರೋಗಿಯ ಹೆಸರು ಕೂಗಿಸಿದೆ.

ಹನ್ನೆರಡು ದಿನದ ಮೇಲೆ ಮಂಗಳವಾರ, ಜಹೀರಾಬಾದಿನ ಆಸ್ಪತ್ರೆಗೆ ಜೀಪು ಮಾಡಿಕೊಂಡು ಮೂವರೂ ಬಂದರು. ಈ ಸಲ ಕೂಸಿಗಾಗಿ. ಬಟ್ಟೆ ಬಿಚ್ಚಿ ಮಲಗಿಸಿ ನೋಡಿದೆ. ಅಂಗೈ, ಅಂಗಾಲು, ಕಂಕುಳು, ನೆತ್ತಿ, ಎಲ್ಲ ಕಡೆ ಕೀವುಗುಳ್ಳೆ. ಕೆಲವು ಒಡೆದು ಹಸಿ ಹುಣ್ಣಾಗಿದ್ದವು. ಮೈ ಕಾದ ಹಂಚು. ಹಿಂದಿನ ದಿನದಿಂದ ಮೊಲೆ ಹಿಡಿದಿರಲಿಲ್ಲ. ಅಳುವ ತ್ರಾಣವೂ ಇಲ್ಲದೆ ನರಳುತ್ತಿತ್ತು. ಎಡ ಅಂಗಾಲಿನಲ್ಲಿ ಒಂದು ಗೀಟು ಕಂಡಿತು. ಕೂದಲೆಳೆಯಷ್ಟು ಸಣ್ಣದು, ವಕ್ರವಾಗಿ ಹೋಗಿ ತುದಿಯಲ್ಲೊಂದು ಚುಕ್ಕೆ. ಕಜ್ಜಿಯ ಹುಳ ಚರ್ಮದೊಳಗೆ ಕೊರೆದ ದಾರಿ.

ಮಕ್ಕಳ ಡಾಕ್ಟರನ್ನು ಕೂಗಿ ಕರೆಸಿದೆ. ಅವರು ಸಲೈನ್ ಹಚ್ಚಲು ನರ ಹುಡುಕುತ್ತಿರುವಾಗ ನಾನು ಆಯಿಯ ಅಂಗೈ ಹಿಡಿದೆಳೆದು, ಬ್ಲೇಡಿನಿಂದ ಹೆಕ್ಕಳೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಲ್ಯಾಬಿಗೆ ಓಡಿದೆ. ಕಣ್ಣಿಟ್ಟ ಮೊದಲ ಸಲವೇ ಕಂಡವು. ಒಂದಲ್ಲ, ಎರಡಲ್ಲ. ಗುಂಡಗಿನ ಮೈ, ಮೋಟು ಕಾಲು, ಎಣ್ಣೆಯಲ್ಲಿ ಕಾಲಾಡಿಸುತ್ತಿದ್ದವು. ನಡುನಡುವೆ ಮೊಟ್ಟೆ, ಕಂದು ಹಿಕ್ಕೆ. ಸಾಧಾರಣ ಕಜ್ಜಿಯಲ್ಲಿ ಇಡೀ ಮೈಗೆ ಹತ್ತೋ ಹದಿನೈದೋ ಹುಳ ಇರುತ್ತವೆ. ದೇಹದ ಕಾವಲು ಬಿದ್ದವರಲ್ಲಿ ಅವು ಲಕ್ಷಗಟ್ಟಲೆ ಆಗಿ, ಹೀಗೆ ಹೆಕ್ಕಳೆ ಕಟ್ಟುತ್ತವೆ. ಅದಕ್ಕಿಂತ ಬೇಗ ಹರಡುವ ಚರ್ಮರೋಗ ನನಗೆ ಗೊತ್ತಿಲ್ಲ. ಆ ಕೈಗಳಿಗೇ ನಾನು ಕೂಸನ್ನು ಕೊಟ್ಟಿದ್ದೆ.

ಲ್ಯಾಬಿನವನು, “ಏನ್ ಮೇಡಂ, ಏನಾತು?” ಅಂದ. ಗಾಜಿನ ಪಟ್ಟಿಯನ್ನು ಅಲ್ಲೇ ಬಿಟ್ಟು ಕೂಸಿನ ಹತ್ತಿರ ಓಡಿದೆ.

ಕೀವಿನ ನಂಜು ರಕ್ತಕ್ಕೆ ಏರಿದೆ, ಇಲ್ಲಿ ಆಗುವುದಿಲ್ಲ ಅಂದರು ಮಕ್ಕಳ ಡಾಕ್ಟರು. ಅಂಬುಲೆನ್ಸಿನಲ್ಲಿ ಮಗ, ಸೊಸೆ, ಕೂಸು ಹೈದರಾಬಾದಿನ ದಾರಿ ಹಿಡಿದರು. ನಾನು ಕಜ್ಜಿಯ ವಿಷಯ ಬರೆದ ಕಾಗದ ಕೊಡಲು ಹೋದಾಗ ಸೊಸೆ ಅದನ್ನು ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ. ಬಂದ ಜೀಪಿನಲ್ಲೇ ಊರಿಗೆ ಮರಳಬೇಕಿದ್ದ ಆಯಿ ಬೆಂಚಿನ ಮೇಲೆ ಒಬ್ಬಳೇ ಉಳಿದಳು.

“ಕೂಸಿಗಿ ಏನಾಗ್ಯಾದ್ರಿ ಬಾಯಿ?”

“ಕಜ್ಜಿ ಆಯಿ. ಅದು ಕೆಟ್ಟು ನಂಜಾಗ್ಯಾದ.”

“ಎಲ್ಲಿಂದ ಬಂತ್ರಿ ಅದಕ?”

ಒಂದು ಗಳಿಗೆ ಸುಳ್ಳು ಹೇಳೋಣ ಅನಿಸಿತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. “ನಿಮ್ಮ ಕೈಯಾಗಿಂದು ಹೋಗ್ಯಾದ. ಆದ್ರ ತಪ್ಪು ನಂದು. ನಾ ನೆಟ್ಟಗ ನೋಡಲಿಲ್ಲ,” ಅಂದೆ. ಆಯಿಗೆ ಮೊದಲಿನ ಮಾತಷ್ಟೇ ಕೇಳಿಸಿತು. ಎರಡೂ ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

ಮರುದಿನ ಕ್ಲಿನಿಕ್ ಮುಚ್ಚಿ ಆ ಹಳ್ಳಿಗೆ ಹೋದೆ. ಅಷ್ಟು ದಿನದಲ್ಲಿ ಆಯಿ ಓಣಿಯ ಇನ್ನೂ ಐದು ಕೂಸುಗಳಿಗೆ ನೀರು ಹಾಕಿದ್ದಳು. ನನ್ನ ಚೀಟಿ ನೋಡಿದ ಮೇಲೆ ಜನ ಕರೆದಿದ್ದರು. ಆಶಾ ಕಾರ್ಯಕರ್ತೆ ಐದೂ ಮನೆಯವರನ್ನು ಕಟ್ಟೆಗೆ ಸೇರಿಸಿದಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಅಲ್ಲಿ ನಿಂತಾಗ, “ನಾ ತಪ್ಪು ಮಾಡೀನಿ. ಅದು ಸೋರಿಯಾಸಿಸ್ ಅಲ್ಲ, ಕಜ್ಜಿ. ಹರಡ್ತದ,” ಅಂದಷ್ಟೇ ಹೊರಗೆ ಬಂತು. ಒಬ್ಬ ಹಿರಿಯ, ಸಿಟ್ಟಿಲ್ಲದೆ, “ನಿಮ್ಮ ಸಹಿ ನೋಡೇ ಕೂಸು ಕೊಟ್ಟೇವ್ರಿ ನಾವು,” ಅಂದ. ಬೈದಿದ್ದರೆ ಹಗುರ ಆಗುತ್ತಿತ್ತು.

ಕಜ್ಜಿಗೆ ಔಷಧ ಇದೆ, ಒಳ್ಳೆಯ ಔಷಧವೇ ಇದೆ. ಕಷ್ಟ ಇರುವುದು ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳುವುದರಲ್ಲಿ. ಕಡಿತ ಇದ್ದವರು, ಇಲ್ಲದವರು, ಆರು ಮನೆಯ ಎಲ್ಲರೂ, ಕುತ್ತಿಗೆಯಿಂದ ಕಾಲುಗುರಿನವರೆಗೆ. ಕೂಸುಗಳಿಗಾದರೆ ನೆತ್ತಿಗೂ ಬೇಕು. ಇನ್ನೂ ತಿಂಗಳು ತುಂಬದ ಒಂದು ಕೂಸಿಗೆ ಗಂಧಕದ ಮುಲಾಮು ಬೇರೆ ಮಾಡಿಸಿ ತಂದೆ. ಬಟ್ಟೆ ಕುದಿಸಬೇಕು. ಕುದಿಸಲಾಗದ ಕೌದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿದು, ಹತ್ತು ದಿನ ಮುಟ್ಟಬಾರದು. “ಮೈಮ್ಯಾಲ ಹುಳ ಕೂತ ಮ್ಯಾಲ ಕಡತ ಸುರು ಆಗಾಕ ಒಂದು ತಿಂಗಳು ಹಿಡೀತದ. ಈಗ ಕಡತ ಇಲ್ಲಂದ್ರ ಹುಳ ಇಲ್ಲಂತಲ್ಲ,” ಅಂತ ಮನೆ ಮನೆಗೂ ಹೇಳಿದೆ.

ಆಯಿಗೆ ನಾನು ಕೊಟ್ಟಿದ್ದ ಗುಳಿಗೆ ನಿಲ್ಲಿಸಿದೆ. ಹುಳ ಕೊಲ್ಲುವ ಗುಳಿಗೆ ಮೊದಲ ದಿನ, ಎರಡನೆಯ ದಿನ, ಎಂಟು, ಒಂಬತ್ತು, ಹದಿನೈದು. ಕ್ರೀಮು ವಾರವಿಡೀ ದಿನಾ, ಆಮೇಲೆ ವಾರಕ್ಕೆರಡು ಸಲ. ಹೆಕ್ಕಳೆ ಕರಗಲು ಬೇರೆ ಮುಲಾಮು, ಬಿಸಿನೀರಿನಲ್ಲಿ ನೆನೆಸಿ ಉಜ್ಜುವುದು, ಉಗುರು ಗಿಡ್ಡಗೆ ಕತ್ತರಿಸಿ ಸಂದಿಯನ್ನು ಬ್ರಷ್ಷಿನಿಂದ ತಿಕ್ಕುವುದು. ಇದೆಲ್ಲ ಮುಗಿಯುವ ತನಕ ಆಕೆಯನ್ನು ಯಾರೂ ಮುಟ್ಟಬಾರದು. ಎಲ್ಲಿಡುವುದು? ಆ ಮನೆಯಲ್ಲಿ ಬೇರೆ ಕೋಣೆ ಒಂದೇ ಇತ್ತು. ತೊಗರಿ ಚೀಲದ ಕೋಣೆಗೆ ಆಯಿಯನ್ನು ನಾನೇ ಕಳಿಸಿದೆ. ತಾಟು, ಚರಿಗೆ ಬೇರೆ ಮಾಡಿರಿ ಅಂತ ಹೇಳಿದ್ದೂ ನಾನೇ. ಆಕೆ ಚಾಪೆ ಎತ್ತಿಕೊಂಡು ಒಳಗೆ ಹೋದಳು.

ಹೈದರಾಬಾದಿನಿಂದ ಮಗ ದಿನಾ ಫೋನು ಮಾಡುತ್ತಿದ್ದ. ಕೂಸಿಗೆ ಮೂಗಿನಲ್ಲಿ ನಳಿಗೆ, ನಾಲ್ಕು ದಿನ ಐಸಿಯುವಿನ ಗಾಜಿನ ಕೋಣೆ. ಐದನೆಯ ದಿನ ಫೋನು ಬರಲಿಲ್ಲ. ನಾನು ಮಾಡುವ ಧೈರ್ಯ ಮಾಡಲಿಲ್ಲ. ರೋಗಿಗಳನ್ನು ನೋಡುತ್ತಿದ್ದೆ, ಬರೆಯುತ್ತಿದ್ದೆ, ಯಾರಿಗೆ ಏನು ಬರೆದೆ ಅಂತ ಎರಡೆರಡು ಸಲ ಓದುತ್ತಿದ್ದೆ. ಆರನೆಯ ದಿನ, “ಮೊಲಿ ಹಿಡದಾಳ್ರಿ ಮೇಡಂ,” ಅಂದ. ಕ್ಲಿನಿಕ್ಕಿನ ಒಳಕೋಣೆಗೆ ಹೋಗಿ ಅತ್ತೆ. ಹದಿನೆಂಟನೆಯ ದಿನಕ್ಕೆ ಕೂಸು ಮನೆಗೆ ಬಂತು.

ಓಣಿಯ ಕಡಿತ ನಿಂತಿತು. ಆಯಿಯ ಬಲಗೈ ಸ್ವಚ್ಛ ಆಯಿತು, ಮೊಣಕೈ, ನೆತ್ತಿ ಎಲ್ಲ ತಿಳಿಯಾಯಿತು. ಎಡ ಅಂಗೈ ಮಾತ್ರ ಹಾಗೇ. ಹದಿನೈದನೆಯ ದಿನದ ಗುಳಿಗೆ ಆದ ಮೇಲೂ ಅಲ್ಲಿ ಕೆರೆದು ನೋಡಿದರೆ ಜೀವಂತ ಹುಳ. ಔಷಧ ಸೋತಿದ್ದರೆ ಎರಡೂ ಕೈಯಲ್ಲಿ ಸೋಲಬೇಕು. ಇನ್ನೊಂದು ಸುತ್ತು ಗುಳಿಗೆ ಬರೆಯಲು ಪೆನ್ನು ತೆಗೆದವಳು ನಿಲ್ಲಿಸಿದೆ. ಈ ಸಲ ಬರೆಯುವ ಮೊದಲು ನೋಡಬೇಕು ಅಂದುಕೊಂಡೆ. ಬೆಳಗಾಗುತ್ತಲೇ ಹಳ್ಳಿಗೆ ಹೋಗಿ ಆ ಕೋಣೆಯ ಹೊಸ್ತಿಲಲ್ಲಿ ಕೂತೆ.

ಆಯಿ ಮಿಂದು ಬಂದಳು. ಎದೆಯ ಮೇಲಿನ ಕರಡಿಗೆ ಬಿಚ್ಚಿ, ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜೆಗೆ ಕೂತಳು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಾನೂ ಲಿಂಗವಂತರ ಮನೆಯವಳೇ, ನನ್ನ ಅವ್ವ ಕೂಡ ದಿನಾ ಹೀಗೇ ಕೂಡುತ್ತಾಳೆ. ಒಂದು ಸಲವೂ ಹೊಳೆದಿರಲಿಲ್ಲ.

“ಆಯಿ, ಈ ಕೈಗಿ ಕ್ರೀಮು ಹಚ್ಚೀರೇನು?”

“ಅದೆಂಗ ಹಚ್ಚಲಿ ಬಾಯಿ? ಲಿಂಗ ಕೂಡೋ ಕೈ. ಮುಂಜಾನಿ, ಸಂಜಿಕ ಪೂಜಿ ಅದ. ಆ ವಾಸನಿ ಔಷಧ ಹಚ್ಚಿದ ಕೈಯಾಗ ಹೆಂಗ ಕೂಡಸ್ಲಿ? ಉಳದ ಮೈಗೆಲ್ಲ ಹಚ್ಚೀನಿ ನೋಡ್ರಿ, ಒಂದ ದಿನ ತಪ್ಪಿಸಿಲ್ಲ.”

ಕರಡಿಗೆಯ ಸುತ್ತಿನ ಬಟ್ಟೆ, ಕೊರಳ ದಾರ, ಅದರಡಿಯ ಒಂದು ಅಂಗೈಯಗಲ ಎದೆ, ಅದಕ್ಕೂ ಔಷಧ ಮುಟ್ಟಿಸಿರಲಿಲ್ಲ. ನಾನು ಮೆತ್ತಗೆ ಹೇಳಬಹುದಿತ್ತು. ಕೂಸು ಮನೆಗೆ ಬಂದಿದೆ ಅನ್ನುವ ಹೆದರಿಕೆ ಬಾಯಿಗೆ ಬಂತು. “ಆಯಿ, ಆ ಕೈಯಾಗ ಹುಳ ಅದಾವ್ರಿ. ಜೀವಂತ ಹುಳ. ಅದರ ಮ್ಯಾಲ ಕೂಡಸಾಕ ಹತ್ತೀರಿ ನೀವು,” ಅಂದುಬಿಟ್ಟೆ.

ಆಕೆ ಕೈಯನ್ನೇ ನೋಡುತ್ತ ಕೂತಳು. “ಇಷ್ಟ ದಿನ ಹುಳದ ಮ್ಯಾಲ ಕೂಡಿಸಿದೆ ಏನ್ರಿ ನಾ?” ಅಂದಳು. ಆ ದನಿಯನ್ನು ನಾನು ಇನ್ನೂ ಮರೆತಿಲ್ಲ. ಮಠದ ಅಯ್ಯನವರನ್ನು ಕರೆಸೋಣ, ಅವರು ಏನಾದರೂ ದಾರಿ ಹೇಳುತ್ತಾರೆ ಅಂದೆ. “ಬ್ಯಾಡ,” ಅಂದಳು. ಬಿಸಿನೀರು ಕೇಳಿದಳು. ಬಾಗಿಲು ಮುಂದೆ ಮಾಡಿಕೊಂಡು ಕರಡಿಗೆ ತೊಳೆದಳು, ಹೊಸ ದಾರ, ಹೊಸ ಬಟ್ಟೆ ಹಾಕಿದಳು. ಹೊರಗೆ ಬಂದು ಎಡಗೈ ನನ್ನ ಮುಂದೆ ಚಾಚಿದಳು. “ಹಚ್ಚ್ರಿ. ನೀವು ಸಾಕು ಅನ್ನೋ ತನಾ ಪೂಜಿ ಕಣ್ಣು ಮುಚ್ಚಿ ಮನಸಿನ್ಯಾಗ ಮಾಡ್ತೀನಿ.” ಹಚ್ಚಿದೆ. ಆಕೆ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಮೂರು ವಾರಕ್ಕೆ ಎಡಗೈ ತಿಳಿಯಾಯಿತು. ಆಮೇಲೂ ವಾರಕ್ಕೊಂದರಂತೆ ಮೂರು ಸಲ ಕೆರೆದು ನೋಡಿದೆ. ಹುಳ ಇಲ್ಲ, ಮೊಟ್ಟೆ ಇಲ್ಲ. ಮನೆಯವರನ್ನು ತಾಂಡೂರಿಗೆ ಕರೆಸಿ, “ಆಯಿಗೆ ಪೂರಾ ಆರಾಮಾಗ್ಯಾದ. ಕೂಸು ಕೊಡಬಹುದು,” ಅಂದೆ. ಸೊಸೆ ಕೂಸನ್ನು ಇನ್ನಷ್ಟು ಅವಚಿಕೊಂಡಳು.

“ನೀವು ಅವರ ಕೈ ಹಿಡೀರಿ,” ಅಂದಳು ನನಗೆ. “ಗ್ಲೌಸು ಬಿಚ್ಚಿ.”

ನಾನು ರಬ್ಬರಿನ ಕೈಗವಸು ಕಳಚಿ ಆಯಿಯ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದೆ. ಆ ಹುಡುಗಿ ಗೋಡೆಯ ಗಡಿಯಾರ ನೋಡುತ್ತ ನಿಂತಳು. ಕಾಲು ಗಂಟೆ ಆದರೂ ಬಿಡಿ ಅನ್ನಲಿಲ್ಲ. ಮೈಗೆ ಮೈ ತುಸು ಹೊತ್ತು ತಾಗಿಕೊಂಡೇ ಇದ್ದರೆ ಹುಳ ದಾಟುತ್ತದೆ, ಕಡಿತಕ್ಕೆ ತಿಂಗಳು ಹಿಡಿಯುತ್ತದೆ ಅಂತ ಅವಳು ಹೈದರಾಬಾದಿನಿಂದ ಬಂದ ಮೇಲೆ ನಾನೇ ಹೇಳಿದ್ದೆ. ಮಗನಿಗೆ ನಾಚಿಕೆಯಾಗಿ, “ಏ ಸಾಕು, ಮೇಡಂ ಅವ್ರು,” ಅಂದ.

“ಕಡತ ಬರಾಕ ಒಂದ ತಿಂಗಳು ಅಂದಿದ್ರಲ್ರಿ,” ಅಂದಳು ಅವಳು ನನಗೇ. “ತಿಂಗಳ ಬಿಟ್ಟು ಬರ್ತೀನಿ. ನಿಮಗ ಏನೂ ಆಗಿರಲಿಲ್ಲಂದ್ರ ಕೊಡ್ತೀನಿ.” ದನಿ ಏರಿಸಲಿಲ್ಲ. ನನ್ನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ ಅಂತಲೂ ನನಗೆ ಅನಿಸಲಿಲ್ಲ. ನಾನು ಕಲಿಸಿದ್ದನ್ನೇ ಲೆಕ್ಕ ಹಾಕುತ್ತಿದ್ದಳು. “ಆತವ್ವ,” ಅಂದೆ.

ಆ ಒಂದು ತಿಂಗಳು ನಾನು ದಿನಾ ಬೆಳಕಿಗೆ ಹೋಗಿ ಬೆರಳಸಂದಿ ನೋಡಿಕೊಂಡೆ. ಸೊಳ್ಳೆ ಕಚ್ಚಿದರೂ ಭೂತಗನ್ನಡಿ ತೆಗೆದು ನೋಡುತ್ತಿದ್ದೆ. ತಿಂಗಳಿಗೆ ಎರಡು ದಿನ ಹೆಚ್ಚೇ ಬಿಟ್ಟು ಅವಳು ಬಂದಳು, ಅತ್ತೆಯನ್ನೂ ಕರೆದುಕೊಂಡು. ನನ್ನ ಕೈಯನ್ನು ಕಿಟಕಿಯ ಹತ್ತಿರ ಹಿಡಿದು ಬೆರಳು ಬೆರಳು ಅಗಲಿಸಿ ನೋಡಿದಳು, ತೋಳು ಏರಿಸಿ ಮೊಣಕೈ ನೋಡಿದಳು. ಹೊರಗೆ ರೋಗಿಗಳು ಕಾಯುತ್ತಿದ್ದರು, ನಾನು ಅವಸರ ಮಾಡಲಿಲ್ಲ. ಆಮೇಲೆ ಅವಳು ಹೋಗಿ ಕೂಸನ್ನು ಆಯಿಯ ಮಡಿಲಲ್ಲಿ ಇಟ್ಟಳು.

ಕೂಸಿಗೆ ಆಗ ಆರನೆಯ ತಿಂಗಳು. ಮುಖ ಗುರುತಿಸುವ ಕಾಲ. ಆಯಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ತುಟಿ ಬಾಗಿಸಿ, ಕಿಟಾರನೆ ಕಿರುಚಿ ತಾಯಿಯ ಕಡೆ ಎರಡೂ ಕೈ ಚಾಚಿತು. ಸೊಸೆ ಮುಂದೆ ಬರಲಿಲ್ಲ. “ರೂಢಿ ಆಗ್ತಾಳ ಅತ್ತಿ, ಹಿಡೀರಿ,” ಅಂದಳು, ಅವಳ ಕಣ್ಣಲ್ಲೂ ನೀರು. ಆಯಿ ಹಿಡಿದುಕೊಂಡಿರಲಿಲ್ಲ. ಕೂಸಿನ ಎರಡೂ ಬದಿಗೆ ಕೈಗಳನ್ನು ಗಾಳಿಯಲ್ಲಿ ಅಡ್ಡ ಇಟ್ಟಿದ್ದಳು, ಬೀಳದಂತೆ, ತಾಗದಂತೆ. ನನ್ನ ಕಡೆ ನೋಡಿ, “ಮುಟ್ಟಲೇನ್ರಿ?” ಅಂದಳು.

ಸುಲಭದ ಪ್ರಶ್ನೆ. ಉತ್ತರ ನನಗೆ ಖಚಿತವಾಗಿ ಗೊತ್ತಿತ್ತು. ಆದರೂ ಬಾಯಿ ಬಿಡಲು ನನಗೆ ಅಷ್ಟು ಹೊತ್ತು ಹಿಡಿಯಿತು. ಅಷ್ಟರಲ್ಲಿ ಸೊಸೆಯೇ ಬಾಗಿ ಆಯಿಯ ಎರಡೂ ಕೈ ಹಿಡಿದು, ಕೂಸಿನ ಮೈಮೇಲೆ ಒತ್ತಿದಳು.